ಕೂಸು ಕಕ್ಕುವ ಹಾಲು, ಕೂಸಿನ ಉಸಿರು

ದಾವಣಗೆರೆಯ ಜನರಿಗೆ 'ಆಸಿಡಿಟಿ' ಎಂದರೇನೆಂದು ವಿವರಿಸಬೇಕಾಗಿಲ್ಲ. ಸಂಜೆ ಮಿರ್ಚಿ-ಮಂಡಕ್ಕಿ, ಬೆಳಿಗ್ಗೆ ಎರಡು ಬೆಣ್ಣೆ ದೋಸೆ ಮುಗಿಸಿದವರಿಗೆ ಎದೆಯುರಿ, ಹುಳಿತೇಗು ಪರಿಚಿತ ಸಂಗತಿಗಳೇ. ಜಠರದ ಆಮ್ಲ ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ, ಒಂದು ಮಾತ್ರೆ ನುಂಗಿದರೆ ಶಮನವಾಗುತ್ತದೆ. ದೊಡ್ಡವರ ಈ ಅನುಭವವನ್ನೇ ನಾವು ಎಳೆಗೂಸಿಗೂ ಅನ್ವಯಿಸುತ್ತೇವೆ. ದೇವರಾಜ ಅರಸು ಬಡಾವಣೆಯ ಒಂದು ಮನೆಯಲ್ಲಿ ಮೂರು ತಿಂಗಳ ಮಗುವಿದೆ ಎಂದಿಟ್ಟುಕೊಳ್ಳಿ. ಹಾಲು ಕುಡಿದ ಮೇಲೆ ಕಕ್ಕುತ್ತದೆ, ರಾತ್ರಿ ಮಲಗಿದಾಗ ಗೊರಗೊರ ಶಬ್ದ ಮಾಡುತ್ತದೆ, ಒಮ್ಮೊಮ್ಮೆ ಕೆಮ್ಮುತ್ತದೆ. ಅಜ್ಜಿ 'ಕಫ ಕಟ್ಟಿದೆ' ಎನ್ನುತ್ತಾರೆ. ತಾಯಿ 'ಆಸಿಡಿಟಿ ಇರಬೇಕು' ಎನ್ನುತ್ತಾಳೆ. ಮೆಡಿಕಲ್ ಶಾಪಿನಿಂದ ಹನಿಮದ್ದಿನ ಪುಟ್ಟ ಬಾಟಲಿಯೊಂದು ಮನೆಗೆ ಬರುತ್ತದೆ.

ಕಕ್ಕುವುದಕ್ಕೂ ಉಸಿರಾಟದ ತೊಂದರೆಗೂ ಸಂಬಂಧವಿದೆಯೆ? ಇದ್ದರೆ ಅದಕ್ಕೆ ಆಮ್ಲವೇ ಕಾರಣವೆ? ಕಳೆದ ಮೂರು ದಶಕಗಳಲ್ಲಿ ಮಕ್ಕಳ ವೈದ್ಯರು ಈ ಪ್ರಶ್ನೆಗಳನ್ನು ಸಾಕಷ್ಟು ಕೆದಕಿದ್ದಾರೆ. ದೊರೆತಿರುವ ಉತ್ತರ ಮನೆಯವರ ಊಹೆಗಿಂತ ಬೇರೆಯಾಗಿದೆ.

ಕಕ್ಕುವುದು ಬೇರೆ, ವಾಂತಿ ಬೇರೆ

ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿರುವುದು ಒಳ್ಳೆಯದೇ ಆಯಿತು. ವಾಂತಿಯಾಗುವಾಗ ಹೊಟ್ಟೆಯ ಸ್ನಾಯುಗಳೂ ವಪೆಯೂ ಬಲವಾಗಿ ಹಿಂಡುತ್ತವೆ, ಮುಖ ಕಿವುಚಿಕೊಳ್ಳುತ್ತದೆ. ಕಕ್ಕುವಾಗ ಇದಾವುದೂ ಇಲ್ಲ. ಆಡುತ್ತಿರುವ ಕೂಸಿನ ಕಟಬಾಯಿಯಿಂದ ಹಾಲು ಸುಮ್ಮನೆ ಇಳಿಯುತ್ತದೆ. ಕೂಸಿಗೆ ಅದರ ಪರಿವೆಯೂ ಇರುವುದಿಲ್ಲ. ಜಠರದಲ್ಲಿರುವುದು ಅನ್ನನಾಳಕ್ಕೆ ಹಿಂದಿರುಗುವ ಈ ಕ್ರಿಯೆಗೆ ವೈದ್ಯರು 'ರಿಫ್ಲಕ್ಸ್' ಎನ್ನುತ್ತಾರೆ. ನಾವು ಪ್ರತಿಹರಿವು ಎನ್ನೋಣ.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗಿದಾಗ ತೆರೆದು, ಉಳಿದಂತೆ ಬಿಗಿಯಾಗಿರುವುದು ಅದರ ಕೆಲಸ. ಎಳೆಯ ಮಕ್ಕಳಲ್ಲಿ ಈ ಉಂಗುರ ದುರ್ಬಲವಾಗಿರುವುದರಿಂದಲೇ ಹಾಲು ಮೇಲೆ ಬರುತ್ತದೆ ಎಂದು ಹಿಂದೆ ಭಾವಿಸಿದ್ದರು. ಒತ್ತಡ ಅಳೆದು ನೋಡಿದಾಗ ತಿಳಿದ ಸಂಗತಿಯೇ ಬೇರೆ. ಉಂಗುರದ ಬಿಗಿ ಸಾಕಷ್ಟಿದೆ. ಆದರೆ ನುಂಗದೆ ಇರುವಾಗಲೂ ಅದು ಆಗಾಗ್ಗೆ ಕೆಲವು ಸೆಕೆಂಡು ಸಡಿಲವಾಗುತ್ತದೆ. ಜಠರ ಹಿಗ್ಗಿದಷ್ಟೂ ಇಂಥ ಸಡಿಲಿಕೆ ಹೆಚ್ಚು. ದೊಡ್ಡವರು ತೇಗುವುದು ಇದೇ ವ್ಯವಸ್ಥೆಯಿಂದ. ನಮ್ಮಲ್ಲಿ ಆಗ ಗಾಳಿ ಹೊರಬರುತ್ತದೆ, ಮಲಗಿಯೇ ಇರುವ ಕೂಸಿನಲ್ಲಿ ಗಾಳಿಯ ಜೊತೆಗೆ ಹಾಲೂ ಬರುತ್ತದೆ.

ಇನ್ನು ಹಾಲಿನ ಪ್ರಮಾಣವನ್ನು ಗಮನಿಸಿ. ಎಳೆಗೂಸು ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 150 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅದೇ ಲೆಕ್ಕದಲ್ಲಿ 60 ಕಿಲೋಗ್ರಾಮ್ ತೂಗುವ ವ್ಯಕ್ತಿ ದಿನಕ್ಕೆ 9 ಲೀಟರ್ ಹಾಲು ಕುಡಿಯಬೇಕು! ಅಷ್ಟು ಕುಡಿದು, ಮಲಗಿಯೂ ಇದ್ದರೆ ನಾವೂ ಕಕ್ಕುತ್ತಿದ್ದೆವು. ನವಜಾತ ಶಿಶುವಿನ ಅನ್ನನಾಳದ ಉದ್ದವಾದರೂ ಎಷ್ಟು? ಸುಮಾರು 10 ಸೆಂಟಿಮೀಟರ್. ದೊಡ್ಡವರಲ್ಲಿ ಅದು 25 ಸೆಂಟಿಮೀಟರ್. ಮೇಲಕ್ಕೆ ಚಿಮ್ಮಿದ ಹಾಲಿಗೆ ಬಾಯಿ ದೂರವೇನಲ್ಲ.

ಅಮೆರಿಕದ ಶಿಕಾಗೋ ಪ್ರದೇಶದಲ್ಲಿ 948 ಆರೋಗ್ಯವಂತ ಶಿಶುಗಳ ಪಾಲಕರನ್ನು ವಿಚಾರಿಸಿ 1997ರಲ್ಲಿ ಒಂದು ವರದಿ ಪ್ರಕಟವಾಯಿತು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಅರ್ಧದಷ್ಟು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತಿದ್ದವು. ನಾಲ್ಕನೆಯ ತಿಂಗಳಲ್ಲಿ ಈ ಪ್ರಮಾಣ ಶೇಕಡ 67ಕ್ಕೆ ಏರಿತ್ತು. ಆರರಿಂದ ಏಳನೆಯ ತಿಂಗಳಿಗೆ ಕಾಲಿಡುವಾಗ ಶೇಕಡ 61ರಿಂದ 21ಕ್ಕೆ ಇಳಿದು, ವರ್ಷ ತುಂಬುವ ಹೊತ್ತಿಗೆ ಶೇಕಡ 5 ಆಗಿತ್ತು. ಕೂಸು ಕೂರಲು ಕಲಿಯುವ, ಗಟ್ಟಿ ಆಹಾರ ತಿನ್ನಲು ತೊಡಗುವ ಕಾಲವೂ ಅದೇ ಎಂಬುದನ್ನು ಗಮನಿಸಬೇಕು. ಕಕ್ಕಿದರೂ ತೂಕ ಸರಿಯಾಗಿ ಏರುತ್ತಿರುವ, ಗೆಲುವಾಗಿರುವ ಕೂಸಿಗೆ ಮದ್ದಿಗಿಂತ ಹೆಗಲ ಮೇಲೊಂದು ಬಟ್ಟೆ ಹೆಚ್ಚು ಅಗತ್ಯ.

ಆಮ್ಲವಿದೆಯೆ?

ನವಜಾತ ಶಿಶುವಿನ ಜಠರವೂ ಹೈಡ್ರೊಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತದೆ. ಆದರೆ ಹಾಲು ಆಮ್ಲವನ್ನು ತಟಸ್ಥಗೊಳಿಸುವ ಒಳ್ಳೆಯ ದ್ರಾವಣ. ಹಾಲು ಕುಡಿದ ಮೇಲೆ ಒಂದೆರಡು ಗಂಟೆ ಜಠರದೊಳಗಿನ ಪಿಎಚ್ ಸಾಮಾನ್ಯವಾಗಿ 4ಕ್ಕಿಂತ ಮೇಲೆಯೇ ಇರುತ್ತದೆ. ಅಷ್ಟರಲ್ಲಿ ಮುಂದಿನ ಹಾಲಿನ ಹೊತ್ತು ಬಂದಿರುತ್ತದೆ. ಹೀಗಾಗಿ ಕೂಸು ಕಕ್ಕುವ ಹಾಲಿನಲ್ಲಿ ಬಹುಪಾಲು ದೊಡ್ಡವರ ಹುಳಿತೇಗಿನಂತೆ ಸುಡುವಂಥದ್ದಲ್ಲ. ಅದು ಮೊಸರಿನಂತೆ ಒಡೆದಿರುವುದನ್ನು ಕಂಡು ಆತಂಕಪಡುವವರಿದ್ದಾರೆ. ಜಠರಕ್ಕೆ ಹೋದ ಹಾಲು ಒಡೆಯಲೇಬೇಕು. ಜೀರ್ಣಕ್ರಿಯೆ ಆರಂಭವಾಗುವುದೇ ಹಾಗೆ.

ಇದು ಸ್ಪಷ್ಟವಾದದ್ದು ಅಳೆಯುವ ಉಪಕರಣ ಬದಲಾದ ಮೇಲೆ. ಮೊದಲು ಮೂಗಿನ ಮೂಲಕ ತೆಳುವಾದ ತಂತಿಯನ್ನು ಅನ್ನನಾಳಕ್ಕೆ ಇಳಿಸಿ 24 ಗಂಟೆ ಪಿಎಚ್ ಅಳೆಯುತ್ತಿದ್ದರು. ಪಿಎಚ್ 4ಕ್ಕಿಂತ ಕೆಳಗಿಳಿದರೆ ಪ್ರತಿಹರಿವು ಆಯಿತೆಂದು ಲೆಕ್ಕ. ಆಮ್ಲವಿಲ್ಲದ ಹಾಲು ಮೇಲೇರಿದರೆ ಅದು ಈ ಲೆಕ್ಕಕ್ಕೆ ಸಿಗುತ್ತಲೇ ಇರಲಿಲ್ಲ. ಅನಂತರ ಬಂದ 'ಇಂಪಿಡೆನ್ಸ್' ವಿಧಾನದಲ್ಲಿ ತಂತಿಯುದ್ದಕ್ಕೂ ಇರುವ ಲೋಹದ ಬಳೆಗಳ ನಡುವೆ ವಿದ್ಯುತ್ತಿಗೆ ಎಷ್ಟು ತಡೆ ಇದೆಯೆಂದು ನೋಡುತ್ತಾರೆ. ದ್ರವ ಬಂದಾಗ ತಡೆ ಇಳಿಯುತ್ತದೆ, ಗಾಳಿ ಬಂದಾಗ ಏರುತ್ತದೆ. ಬಂದದ್ದು ಕೆಳಗಿನಿಂದಲೋ ಮೇಲಿನಿಂದಲೋ, ಎಷ್ಟು ಎತ್ತರಕ್ಕೆ ಏರಿತು ಎಂಬುದೂ ತಿಳಿಯುತ್ತದೆ. ಶಿಶುಗಳಲ್ಲಿ ಆಮ್ಲವಿಲ್ಲದ ಪ್ರತಿಹರಿವೇ ದೊಡ್ಡ ಪಾಲು ಎಂಬುದು ಹೀಗೆ ತಿಳಿಯಿತು. ಜೊತೆಗೆ ಉಸಿರಾಟವನ್ನೂ ದಾಖಲಿಸಿ ನೋಡಿದಾಗ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಉಸಿರು ನಿಲ್ಲುವ ಘಟನೆಗಳಲ್ಲಿ ಹೆಚ್ಚಿನವು ಪ್ರತಿಹರಿವಿನ ಬೆನ್ನಿಗೆ ಬಂದವಲ್ಲವೆಂದು ಕಂಡಿತು. ಅವಕ್ಕೆ ಮುಖ್ಯ ಕಾರಣ ಮೆದುಳಿನ ಉಸಿರಾಟ ಕೇಂದ್ರ ಇನ್ನೂ ಬಲಿಯದಿರುವುದು.

'ನೆತ್ತಿಗೆ ಹತ್ತಿತು'

ಹಾಗಾದರೆ ಸಂಬಂಧವೇ ಇಲ್ಲವೆ? ಇದೆ. ಅದು ಇರುವುದು ಗಂಟಲಿನಲ್ಲಿ. ಅನ್ನದ ದಾರಿಯೂ ಗಾಳಿಯ ದಾರಿಯೂ ಅಲ್ಲಿ ಒಂದನ್ನೊಂದು ದಾಟುತ್ತವೆ. ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ. ನುಂಗುವಾಗ ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತಪ್ಪಿ ಒಂದು ಹನಿ ಅಲ್ಲಿ ಬಿದ್ದರೆ 'ನೆತ್ತಿಗೆ ಹತ್ತಿತು' ಎನ್ನುತ್ತೇವೆ, ನೆತ್ತಿಯನ್ನು ತಟ್ಟುತ್ತೇವೆ. ಹಾಲು ನೆತ್ತಿಗೆ ಹೋಗುವುದಿಲ್ಲ. ಧ್ವನಿಪೆಟ್ಟಿಗೆಯ ಬಾಗಿಲಲ್ಲಿ ನಿಂತಿರುತ್ತದೆ ಅಷ್ಟೆ. ಹಾಗಾದಾಗ ಕೂಸನ್ನು ಪಕ್ಕಕ್ಕೆ ಹೊರಳಿಸಿ ಹಾಲು ಹೊರಹರಿಯಲು ಬಿಟ್ಟು, ಬಾಯಿ ಒರೆಸಬೇಕು. ನೆತ್ತಿ ತಟ್ಟುವುದರಿಂದ, ಮುಖಕ್ಕೆ ಊದುವುದರಿಂದ ಸಮಯ ಕಳೆಯುತ್ತದೆ. ಕೂಸಿಗೆ ಅಳಲೂ ಕೆಮ್ಮಲೂ ಆಗದಿದ್ದರೆ ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿಸಿ ಮಲಗಿಸಿಕೊಂಡು ಎರಡು ಹೆಗಲ ನಡುವೆ ಅಂಗೈಯ ಬುಡದಿಂದ ಐದು ಬಾರಿ ತಟ್ಟಬೇಕು. ಸರಿಹೋಗದಿದ್ದರೆ ಅಂಗಾತ ತಿರುಗಿಸಿ, ಎದೆಯ ಮಧ್ಯಭಾಗವನ್ನು ಎರಡು ಬೆರಳುಗಳಿಂದ ಐದು ಬಾರಿ ಒತ್ತಬೇಕು. ಇದನ್ನೇ ಮತ್ತೆ ಮತ್ತೆ ಮಾಡುತ್ತ, ಮತ್ತೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು.

ಧ್ವನಿಪೆಟ್ಟಿಗೆಯ ಬಾಗಿಲಲ್ಲಿ ದ್ರವದ ಸುಳಿವು ಹಿಡಿಯುವ ನರತುದಿಗಳಿವೆ. ದೊಡ್ಡವರಲ್ಲಿ ಅವು ಕೆಮ್ಮು ಬರಿಸುತ್ತವೆ. ನವಜಾತ ಶಿಶುವಿನಲ್ಲಿ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದ್ದರಲ್ಲಿ, ಅದೇ ಸಂದೇಶಕ್ಕೆ ಬರುವ ಪ್ರತಿಕ್ರಿಯೆ ಬೇರೆ. ಕೂಸು ನುಂಗುತ್ತದೆ, ಉಸಿರನ್ನು ಹಿಡಿಯುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಗಾಳಿಯ ದಾರಿಯೊಳಕ್ಕೆ ದ್ರವ ಎಳೆದುಕೊಳ್ಳದಂತೆ ಮಾಡಿಕೊಂಡ ರಕ್ಷಣೆ ಇದು. ಕೆಲವು ಸೆಕೆಂಡುಗಳಲ್ಲಿ ಮುಗಿದರೆ ರಕ್ಷಣೆ, ದೀರ್ಘವಾದರೆ ಅಪಾಯ. ವಾರಗಳು ಕಳೆದಂತೆ ಉಸಿರು ಹಿಡಿಯುವುದು ಕಡಿಮೆಯಾಗಿ ಕೆಮ್ಮು ಆ ಜಾಗಕ್ಕೆ ಬರುತ್ತದೆ. ನೆಗಡಿ, ಜ್ವರ ಬಂದಾಗ ಮಾತ್ರ ಹಳೆಯ ಪ್ರತಿಕ್ರಿಯೆ ಮತ್ತೆ ಬಲಗೊಳ್ಳಬಹುದು. ಇಲ್ಲಿ ನೆನಪಿಡಬೇಕಾದದ್ದು, ಈ ಪ್ರತಿಕ್ರಿಯೆಯನ್ನು ಕೆರಳಿಸಲು ಆಮ್ಲವೇ ಬೇಕಿಲ್ಲ ಎಂಬುದು. ಬರೀ ನೀರೂ ಸಾಕು. ಆಮ್ಲ ತಗ್ಗಿಸುವ ಮದ್ದು ಪ್ರತಿಹರಿವನ್ನು ನಿಲ್ಲಿಸುವುದಿಲ್ಲ. ಮೇಲೇರುವ ಹಾಲು ಹುಳಿಯಾಗಿರದಂತೆ ಮಾಡುತ್ತದೆ, ಅಷ್ಟೆ.

ಯಾವುದು ಮೊದಲು?

ಉಸಿರಾಟದ ತೊಂದರೆಯಿಂದಲೇ ಹಾಲು ಮೇಲೆ ಬರುವುದೂ ಉಂಟು. ಕೆಲವು ಕೂಸುಗಳಲ್ಲಿ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಇನ್ನೂ ಮೆತ್ತಗಿದ್ದು, ಉಸಿರೆಳೆದುಕೊಳ್ಳುವಾಗ ಒಳಕ್ಕೆ ಕುಸಿಯುತ್ತದೆ. ಇದಕ್ಕೆ ಲ್ಯಾರಿಂಗೊಮಲೇಷಿಯ ಎಂದು ಹೆಸರು. ಹುಟ್ಟಿದ ಕೆಲವು ವಾರಗಳಲ್ಲಿ ಕೀರಲು ಶಬ್ದ ಶುರುವಾಗುತ್ತದೆ. ಅಳುವಾಗ, ಹಾಲು ಕುಡಿಯುವಾಗ, ಅಂಗಾತ ಮಲಗಿದಾಗ ಶಬ್ದ ಜೋರು. ಕಿರಿದಾದ ದಾರಿಯಲ್ಲಿ ಗಾಳಿ ಎಳೆದುಕೊಳ್ಳಲು ಕೂಸು ಎದೆಯನ್ನು ಬಲವಾಗಿ ಹಿಗ್ಗಿಸಬೇಕು. ಎದೆಯೊಳಗಿನ ಒತ್ತಡ ತಗ್ಗುತ್ತದೆ. ಆ ಸೆಳೆತಕ್ಕೆ ಗಾಳಿಯಂತೆ ಜಠರದ ಹಾಲೂ ಒಳಗಾಗಿ ಅನ್ನನಾಳಕ್ಕೆ ಏರುತ್ತದೆ. ಮೇಲೇರಿದ ಹಾಲು ಧ್ವನಿಪೆಟ್ಟಿಗೆಯ ಬಾಗಿಲನ್ನು ಮತ್ತಷ್ಟು ಊದಿಸುತ್ತದೆ. ಹೀಗೆ ಒಂದರಿಂದ ಇನ್ನೊಂದು ಹೆಚ್ಚುತ್ತ ಹೋಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಒಂದೂವರೆ, ಎರಡು ವರ್ಷದೊಳಗೆ ತಾನಾಗಿ ಸರಿಯಾಗುತ್ತದೆ. ತೂಕ ಏರದ, ಉಸಿರಿಗೆ ತೀರ ಕಷ್ಟಪಡುವ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಬ್ರಾಂಕಿಯೋಲೈಟಿಸ್ ಎಂಬ ವೈರಸ್ ಸೋಂಕಿನಲ್ಲೂ ಹೀಗೆಯೇ. ಶ್ವಾಸಕೋಶದ ಅತಿ ಸಣ್ಣ ನಳಿಗೆಗಳು ಊದಿಕೊಂಡು ಕೂಸು ಬೇಗ ಬೇಗ ಉಸಿರಾಡುತ್ತದೆ, ಕೆಮ್ಮಿ ಕೆಮ್ಮಿ ಹಾಲು ಕಾರಿಕೊಳ್ಳುತ್ತದೆ. ಹೃದಯದ ಗೋಡೆಯಲ್ಲಿ ದೊಡ್ಡ ರಂಧ್ರವಿರುವ ಕೂಸು ಹಾಲು ಕುಡಿಯುತ್ತಲೇ ದಣಿಯುತ್ತದೆ, ಹಣೆ ಬೆವರುತ್ತದೆ, ಏದುಸಿರು ಬಿಡುತ್ತದೆ. ಹುಟ್ಟಿದ ಒಂದೆರಡು ತಿಂಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅಪರೂಪವಾಗಿ ಅನ್ನನಾಳಕ್ಕೂ ಶ್ವಾಸನಾಳಕ್ಕೂ ಹುಟ್ಟಿನಿಂದಲೇ ನಡುವೆ ತೂತಿರುವುದುಂಟು. ಅಂಥ ಶಿಶು ಮೊದಲ ಹಾಲಿಗೇ ಉಸಿರುಗಟ್ಟಿ ನೀಲಿಯಾಗುತ್ತದೆ, ಬಾಯಲ್ಲಿ ನೊರೆ ನಿಲ್ಲುವುದಿಲ್ಲ. ಇವೆಲ್ಲವನ್ನೂ 'ಆಸಿಡಿಟಿ' ಎಂಬ ಒಂದೇ ಚೀಲಕ್ಕೆ ತುಂಬಿದರೆ ನಿಜವಾದ ಕಾಯಿಲೆಗೆ ಸಿಗಬೇಕಾದ ದಿನಗಳು ಕೈತಪ್ಪುತ್ತವೆ.

ಆಮ್ಲದಿಂದಲೇ ತೊಂದರೆಯಾಗುವ ಮಕ್ಕಳೂ ಇದ್ದಾರೆ. ಅನ್ನನಾಳದ ತೂತಿಗೆ ಶಸ್ತ್ರಚಿಕಿತ್ಸೆಯಾದವರು, ಸೆರೆಬ್ರಲ್ ಪಾಲ್ಸಿಯಂಥ ನರದೋಷದಿಂದ ಸರಿಯಾಗಿ ನುಂಗಲಾರದವರು ಈ ಗುಂಪಿಗೆ ಸೇರುತ್ತಾರೆ. ಕಕ್ಕಿದ್ದರಲ್ಲಿ ರಕ್ತ, ತೂಕ ಏರದಿರುವುದು, ಹಾಲು ಕಂಡರೆ ಬೆನ್ನು ಸೆಟೆಸಿ ನಿರಾಕರಿಸುವುದು ಕಂಡರೆ ವೈದ್ಯರು ಪ್ರತಿಹರಿವಿನ ಕಾಯಿಲೆಯನ್ನು ಪರಿಗಣಿಸುತ್ತಾರೆ. ಅಲ್ಲೂ ಹಸುವಿನ ಹಾಲಿನ ಪ್ರೋಟೀನಿಗೆ ಒಗ್ಗದಿಕೆ ಇದೆಯೇ ಎಂದು ಮೊದಲು ನೋಡುವುದು ಈಗಿನ ಕ್ರಮ.

ಹನಿಮದ್ದಿನ ಲೆಕ್ಕ

ಅತಿಯಾಗಿ ಅಳುವ, ಕಕ್ಕುವ 162 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್, ಇನ್ನೊಂದಕ್ಕೆ ಮದ್ದಿಲ್ಲದ ಹುಸಿಮದ್ದು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನಲ್ಲಿ ಸುಧಾರಿಸಿದವರು ಶೇಕಡ 54! ಮದ್ದು ಪಡೆದವರಲ್ಲಿ ಗಂಭೀರ ಅಡ್ಡಪರಿಣಾಮಗಳು, ಮುಖ್ಯವಾಗಿ ಶ್ವಾಸಕೋಶದ ಸೋಂಕು, ಹೆಚ್ಚಾಗಿದ್ದವು. ಉಸಿರಾಟಕ್ಕೆ ಒಳ್ಳೆಯದಾಗಲೆಂದು ಕೊಡುವ ಮದ್ದು ಉಸಿರಾಟಕ್ಕೇ ಎರವಾಗಬಲ್ಲುದು. ಕಾರಣ ಊಹಿಸುವುದು ಕಷ್ಟವಲ್ಲ. ಜಠರದ ಆಮ್ಲ ರೋಗಾಣುಗಳನ್ನು ಕೊಲ್ಲುವ ಕಾವಲುಗಾರನೂ ಹೌದು. ಅಮೆರಿಕ ಮತ್ತು ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2018ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿ, ಕಕ್ಕುವ ಆರೋಗ್ಯವಂತ ಶಿಶುವಿಗೆ ಆಮ್ಲ ತಗ್ಗಿಸುವ ಮದ್ದು ಬೇಡ ಎನ್ನುತ್ತದೆ. ಪ್ರತಿಹರಿವಿನ ಬೇರೆ ಲಕ್ಷಣಗಳಿಲ್ಲದೆ ಬರೀ ಕೆಮ್ಮು, ಗೊರಲು ಉಸಿರಿಗೂ ಅದೇ ಮಾತು.

ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ ರ‍್ಯಾನಿಟಿಡಿನ್ ಅನ್ನು, ಅದರಲ್ಲಿ ಕ್ಯಾನ್ಸರ್‌ಕಾರಕವಾಗಬಹುದಾದ ಕಲ್ಮಶ ಕಂಡಿದ್ದರಿಂದ, ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು. ಭಾರತದ ಅವಶ್ಯ ಔಷಧಗಳ ಪಟ್ಟಿಯಿಂದ ಅದು 2022ರಲ್ಲಿ ಹೊರಬಿತ್ತು. ವಾಂತಿಗೆಂದು ಕೊಡುವ ಡೊಂಪೆರಿಡೋನ್‌ಗೆ 12 ವರ್ಷದೊಳಗಿನವರಲ್ಲಿ ಪರಿಣಾಮವಿಲ್ಲವೆಂದು 2019ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಆ ವಯಸ್ಸಿನವರಿಗೆ ಅದರ ಪರವಾನಗಿಯನ್ನೇ ಹಿಂತೆಗೆದುಕೊಂಡಿತು. ಮನೆಯಲ್ಲಿ ಉಳಿದಿರುವ ಹಳೆಯ ಬಾಟಲಿಯಿಂದ, ಅಕ್ಕನ ಮಗುವಿಗೆ ಬರೆದುಕೊಟ್ಟ ಚೀಟಿಯಿಂದ ಹನಿ ಹಾಕುವುದು ಸಲ್ಲದು.

ಬಾಣಂತಿ ಕೋಣೆಯ ಗಾಳಿ

ಕೂಸಿನ ಉಸಿರಿಗೆ ಆಮ್ಲಕ್ಕಿಂತ ಹೆಚ್ಚು ಕಾಟ ಕೊಡುವ ಸಂಗತಿಗಳು ನಮ್ಮ ಮನೆಗಳಲ್ಲೇ ಇವೆ. ಎರೆಯುವಾಗ ಮೂಗಿಗೆ, ಬಾಯಿಗೆ ಎಣ್ಣೆ ಬಿಡುವುದು ಅವುಗಳಲ್ಲಿ ಮೊದಲನೆಯದು. ಎಣ್ಣೆ ನುಣ್ಣಗಿರುವುದರಿಂದ ಕೆಮ್ಮನ್ನು ಕೆರಳಿಸದೆಯೇ ಶ್ವಾಸಕೋಶಕ್ಕೆ ಜಾರುತ್ತದೆ. ಅಲ್ಲಿಂದ ಹೊರಬರುವ ದಾರಿಯಿಲ್ಲ. ದಕ್ಷಿಣ ಭಾರತದ ಮಕ್ಕಳಲ್ಲಿ ಹೀಗಾಗುವ ಎಣ್ಣೆ ನ್ಯುಮೋನಿಯಾ ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1973ರಲ್ಲೇ ಲೇಖನ ಬಂದಿದೆ. ಮೈಗೆ ಎಣ್ಣೆ ಹಚ್ಚಿ ನೀವಲು ಅಡ್ಡಿಯಿಲ್ಲ, ಅಜ್ಜಿಯ ಕೈ ಅಷ್ಟಕ್ಕೆ ನಿಲ್ಲಬೇಕು. ಅಳುವ ಕೂಸಿನ ಮೂಗು ಹಿಡಿದು ಒಳಲೆಯಲ್ಲಿ ಹಾಲನ್ನೋ ಹರಳೆಣ್ಣೆಯನ್ನೋ ಹೊಯ್ಯುವುದೂ ಅಷ್ಟೇ ಅಪಾಯ. ಅಳುವಾಗ ಧ್ವನಿಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ.

ಎರೆದ ಮೇಲೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ತೋರಿಸುವ ರೂಢಿಯಿದೆ. ತಲೆ ಒಣಗಲು ಒಂದು ಬಟ್ಟೆ ಸಾಕು. ಹೊಗೆ ಶ್ವಾಸನಳಿಗೆಗಳನ್ನು ಕೆರಳಿಸುತ್ತದೆ. ಮನೆಯವರ ಬೀಡಿ, ಸಿಗರೇಟಿನ ಹೊಗೆಯದೂ ಇದೇ ಕತೆ. ಹೊರಗಿನ ಗಾಳಿಯಾದರೂ ಶುದ್ಧವೆ? 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆಗೆ ದಾವಣಗೆರೆಯೂ ಇದೆ. ಹಳೆಯ ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಟೈರು ಸುಡುವುದು ಎಷ್ಟೋ ವರ್ಷಗಳ ದೂರು. ಮಿರ್ಚಿಯ ಜೊತೆಗಿನ ಮಂಡಕ್ಕಿಗೂ ಕೂಸಿನ ಕೆಮ್ಮಿಗೂ ನಂಟಿದ್ದರೆ ಅದು ಹೊಟ್ಟೆಯ ಮೂಲಕವಲ್ಲ, ಹೊಗೆಯ ಮೂಲಕ.

ಇನ್ನು ಮಲಗಿಸುವ ವಿಷಯ. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಉಸಿರಿಗೆ ಸೇರೀತು ಎಂಬ ಹೆದರಿಕೆ ಸಹಜ. ಆದರೆ ಕೂಸು ಅಂಗಾತವಾಗಿದ್ದಾಗ ಮುಂದಿದ್ದ ಶ್ವಾಸನಾಳ ಮೇಲಾಗುತ್ತದೆ, ಹಿಂದಿದ್ದ ಅನ್ನನಾಳ ಕೆಳಗಾಗುತ್ತದೆ. ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಶ್ವಾಸನಾಳವೇ ತಗ್ಗಿನಲ್ಲಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿ ಎಂದು ಸಲಹೆ ಮಾಡಿದ ಮೇಲೆ ಅಲ್ಲಿ ನಿದ್ರೆಯಲ್ಲಿ ಹಠಾತ್ತಾಗಿ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ತಲೆದಿಂಬು, ಓರೆಯಾದ ಆಸನಗಳೂ ಪ್ರಯೋಜನವಿಲ್ಲ. ಒರಗಿ ಕೂತ ಕೂಸಿನ ಹೊಟ್ಟೆ ಮಡಚಿ ಪ್ರತಿಹರಿವು ಹೆಚ್ಚುತ್ತದೆ ಎಂದು 1983ರಷ್ಟು ಹಿಂದೆಯೇ ತೋರಿಸಿದ್ದರು. ಗಲ್ಲ ಎದೆಗೆ ತಾಗಿ ಉಸಿರಿನ ದಾರಿಯೂ ಕಿರಿದಾಗುತ್ತದೆ. ಸೀರೆಯ ಜೋಲಿಯಲ್ಲಿ ರಾತ್ರಿಯಿಡೀ ಮಲಗಿಸುವವರು ಇದನ್ನು ಯೋಚಿಸಬೇಕು. ಎಚ್ಚರವಿದ್ದು ತೂಗುವುದು ಸರಿ. ನಿದ್ರೆ ಬಂದ ಮೇಲೆ ಸಮತಟ್ಟಾದ, ಗಟ್ಟಿಯಾದ ಹಾಸಿಗೆಗೆ ಅಂಗಾತ ವರ್ಗಾಯಿಸುವುದು ಮೇಲು. ಹಾಲು ಕುಡಿಸಿದ ಮೇಲೆ ಇಪ್ಪತ್ತು-ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದು ತೇಗಿಸಿದರೆ ಕಕ್ಕುವುದು ಸ್ವಲ್ಪ ಕಡಿಮೆಯಾಗುತ್ತದೆ. ಬಾಟಲಿ ಹಾಲಾದರೆ ಒಮ್ಮೆಗೇ ತುಂಬಿಸದೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ಕೊಡಬೇಕು. ಎದೆಹಾಲು ನಿಲ್ಲಿಸಲು ಇದು ಕಾರಣವೇ ಅಲ್ಲ.

ಉಸಿರು ಎಣಿಸುವುದು

ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದಾಗ ಕೂಸಿನ ಉಸಿರು ಎಣಿಸುತ್ತಾರೆ. ಯಾರೂ ಕಲಿಯಬಹುದಾದ ಕೆಲಸವಿದು. ಕೂಸು ಶಾಂತವಾಗಿರುವಾಗ ಹೊಟ್ಟೆ-ಎದೆಯ ಏರಿಳಿತವನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬಾರದು, ಏಕೆಂದರೆ ಎಳೆಗೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಐದರಿಂದ ಹತ್ತು ಸೆಕೆಂಡು ನಿಂತು ಮತ್ತೆ ವೇಗವಾಗಿ ಹೊರಡುವುದು ಈ ವಯಸ್ಸಿಗೆ ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಕೂಸಿನಲ್ಲಿ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಹೆಚ್ಚಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಗೊರಗೊರ ಶಬ್ದವೊಂದೇ ಇದ್ದು ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಅದು ಬಹುತೇಕ ಮೂಗು, ಗಂಟಲಲ್ಲಿ ನಿಂತ ಸಿಂಬಳ, ಜೊಲ್ಲು, ಹಾಲಿನದು. ಮೂಗು ಕಟ್ಟಿದ್ದರೆ ಔಷಧಾಲಯದಲ್ಲಿ ದೊರೆಯುವ ಉಪ್ಪುನೀರಿನ ಹನಿ ಸಾಕು. ಆದರೆ ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ತುಟಿ-ನಾಲಗೆ ನೀಲಿಗಟ್ಟುವುದು, 20 ಸೆಕೆಂಡಿಗೂ ಮೀರಿ ಉಸಿರು ನಿಲ್ಲುವುದು, ಹಾಲು ಬಿಟ್ಟು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಹಸಿರು ಬಣ್ಣದ ವಾಂತಿ ಕರುಳು ತಿರುಚಿರುವ ಸೂಚನೆ ಇರಬಹುದು. ಮೂರರಿಂದ ಆರು ವಾರದ ಕೂಸು ಪ್ರತಿಬಾರಿ ಹಾಲು ಕುಡಿದಾಗಲೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿವಿನಿಂದ ಅಳುತ್ತಿದ್ದರೆ ಜಠರದ ಹೊರಬಾಗಿಲು ಕಿರಿದಾಗಿರಬಹುದು. ಇವೆರಡಕ್ಕೂ ಶಸ್ತ್ರಚಿಕಿತ್ಸಕರು ಬೇಕು. ಹರಿಹರ, ಜಗಳೂರು, ಚನ್ನಗಿರಿ ಕಡೆಯವರು ರಾತ್ರಿಯಾಯಿತೆಂದು ಬೆಳಗಿನ ಬಸ್ಸಿಗೆ ಕಾಯದೆ 108ರಲ್ಲಿ ಹೊರಟು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯನ್ನೋ ಬಾಪೂಜಿ ಮಕ್ಕಳ ಆಸ್ಪತ್ರೆಯನ್ನೋ ತಲುಪಬೇಕು.

ಬಂದು ಹೋಗುವ ಶಬ್ದ ವೈದ್ಯರ ಮುಂದೆ ಬರದಿರುವುದೇ ಹೆಚ್ಚು. ಶಬ್ದ ಬಂದಾಗ ಕೂಸಿನ ಅಂಗಿ ಸರಿಸಿ, ಮುಖ, ಎದೆ, ಹೊಟ್ಟೆ ಮೂರೂ ಕಾಣುವಂತೆ ಬೆಳಕಿನಲ್ಲಿ ಒಂದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಹಾಲು ಕುಡಿದ ಎಷ್ಟು ಹೊತ್ತಿಗೆ ಬಂತು, ಉಸಿರು ಎಳೆಯುವಾಗಲೋ ಬಿಡುವಾಗಲೋ ಎಂಬುದನ್ನು ಗುರುತು ಮಾಡಿಕೊಳ್ಳಿ. ತಾಯಿ ಕಾರ್ಡಿನಲ್ಲಿ ಬರೆಸಿದ ತೂಕದ ಸಾಲನ್ನೂ ಮರೆಯದೆ ಒಯ್ಯಿರಿ.